ನಿತ್ಯಕಾಯಕವೂ ಹೊಸ ಉತ್ಸಾಹವೂ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸದ್ಭಕ್ತರಲ್ಲಿ ಅಂಗಡಿ ಮುಂಗಟ್ಟುಗಳಿಂದ ಜೀವಿಸುವವರು ಅನೇಕರು. ತಕ್ಕಡಿ ಹಿಡಿಯುವುದು, ಲೆಕ್ಕ ಬರೆಯುವುದು, ಕೊಟ್ಟ ಮಾತಿನಂತೆ ಸರಕು ಮುಟ್ಟಿಸುವುದು ಅವರ ನಿತ್ಯದ ಕೆಲಸ. ದಿನದಿನವೂ ಒಂದೇ ತೆರನಾದುದರಿಂದ ಅದರಲ್ಲಿ ಬೇಸರ ಹುಟ್ಟುವುದು ಸಹಜ. ಮುಂಗಾರಿನ ಆಲೂಗೆಡ್ಡೆ ಬಿತ್ತನೆಯ ವ್ಯಾಪಾರ, ಕೊಬ್ಬರಿಯ ಹೊಸ ವಹಿವಾಟು ಎಂದೊಡನೆ ಅದೇ ಮನಸ್ಸು ಕುಣಿಯುತ್ತದೆ. ಹೊಸತನ್ನು ಬಯಸುವುದು ತಪ್ಪೇ? ತಪ್ಪಲ್ಲ. ಅದರ ಸಡಗರದಲ್ಲಿ ನಿತ್ಯದ ಗಿರಾಕಿ ಬರಿಗೈಯಲ್ಲಿ ಹಿಂದಿರುಗಿದರೆ ತಪ್ಪು.

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಶರಣಗೋಷ್ಠಿಯ ಆನಂದದಲ್ಲಿ ಅವನು ಮೈಮರೆತಾಗ ಸತಿ ಲಕ್ಕಮ್ಮ ಕಾಯಕವನ್ನು ನೆನಪಿಸಿ ಕಳುಹಿದಳು. ಅವನು ಎಂದಿಗಿಂತ ಮಿಗಿಲಾಗಿ ತಂದ ಅಕ್ಕಿಯನ್ನು ಆಸೆಯ ಗುರುತೆಂದು ಹಿಂದಿರುಗಿಸಿದಳು ಎಂಬುದು ಶರಣಪರಂಪರೆಯ ಮಾತು. ಅನುಭಾವಗೋಷ್ಠಿಗಿಂತ ಮನವನ್ನು ಸೆಳೆಯುವುದು ಮತ್ತಾವುದು? ಅದೂ ನಿತ್ಯಕಾಯಕವನ್ನು ನುಂಗಬಾರದೆಂದ ಮೇಲೆ ನಮ್ಮ ಹೊಸ ವಹಿವಾಟಿನ ಮಾತೇನು? ಲಕ್ಕಮ್ಮ ಗೋಷ್ಠಿಯನ್ನು ಜರೆಯಲಿಲ್ಲ. ಯಾವುದಕ್ಕೆ ಯಾವ ಸ್ಥಾನವೆಂಬುದನ್ನು ತೋರಿದಳು.

ಆದುದರಿಂದ ಆಯಾ ದಿನದ ಕೆಲಸ ಮುಗಿದ ಮೇಲೆ ಹೊಸತಕ್ಕೆ ಕೈಯಿಡಿರಿ. ಮೂಲ ಬಂಡವಾಳವನ್ನು ಅದಕ್ಕೆ ಸುರಿಯಬೇಡಿರಿ. ಮಳೆ ತಪ್ಪಿ ಗೆಡ್ಡೆ ಕೈಕೊಟ್ಟರೂ, ಕೊಬ್ಬರಿಯ ಧಾರಣೆ ಇಳಿದರೂ, ಮನೆಯ ಅನ್ನ, ಆಳಿನ ಕೂಲಿ, ದಾಸೋಹದ ಪಾಲು ನಿಲ್ಲಬಾರದು. ಹಾಗೆಯೇ ಹೊಸ ಕೆಲಸದಲ್ಲಿ ಉಕ್ಕುವ ಶ್ರದ್ಧೆಯಲ್ಲಿ ತುಸುವನ್ನು ಹಳೆಯ ತಕ್ಕಡಿಯ ಬಳಿಗೂ ತನ್ನಿರಿ. ಆಗ ಬೇಸರ ತಾನಾಗಿ ಕರಗುವುದು. ಎರಡೂ ಕಾಯಕವೇ ಆಗುವುವು.