ಓಟದ ಎತ್ತು, ಹೊಲದ ಎತ್ತು

2013ರ ಜೂನ್. ಬೆಂಗಳೂರಿನ ಪಿಜಿ ರೂಮಿನಲ್ಲಿ ನಾವು ಮೂವರು ನಿದ್ದೆಗೆಟ್ಟು ಕೂತಿದ್ದೆವು. ಲಾಸ್ ಏಂಜಲೀಸ್‌ನ ಇ3 ಗೇಮ್ ಮೇಳದಲ್ಲಿ ಮೈಕ್ರೋಸಾಫ್ಟ್, ಸೋನಿ ಎರಡೂ ಒಂದೇ ದಿನ ಹೊಸ ಕನ್ಸೋಲ್ ತೋರಿಸುವುದಿತ್ತು.

ಮೊದಲು ಬಂದದ್ದು ಎಕ್ಸ್‌ಬಾಕ್ಸ್ ಒನ್. ಬೆಲೆ 499 ಡಾಲರ್. ಅದರ ಷರತ್ತುಗಳು ಮೊದಲೇ ಗೊತ್ತಾಗಿದ್ದವು: 24 ಗಂಟೆಗೊಮ್ಮೆ ನೆಟ್‌ಗೆ ಕನೆಕ್ಟ್ ಆಗಬೇಕು, ಡಿಸ್ಕನ್ನು ಗೆಳೆಯನಿಗೆ ಕೊಡೋದಕ್ಕೂ ಕಂಪನಿಯ ನಿಯಮ. ನಮಗೆ ಬೆಳಗಾಗುವ ಹೊತ್ತಿಗೆ ಸೋನಿ ಬಂತು. ಪ್ಲೇಸ್ಟೇಷನ್ 4ಕ್ಕೆ 399 ಡಾಲರ್, ಹಳೇ ಡಿಸ್ಕಿಗೆ ತಡೆಯಿಲ್ಲ, ನೆಟ್ ಇಲ್ಲದಿದ್ದರೂ ಆಟ ನಡೆಯುತ್ತೆ. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಗೇಮ್ ಹಂಚಿಕೊಳ್ಳೋದು ಹೇಗೆ ಅಂತ ಒಂದು ಪುಟ್ಟ ವಿಡಿಯೋನೂ ಬಿಟ್ಟರು: ಒಬ್ಬ ಡಿಸ್ಕಿನ ಡಬ್ಬಿಯನ್ನು ಇನ್ನೊಬ್ಬನ ಕೈಗೆ ಕೊಡುತ್ತಾನೆ, ಅಷ್ಟೇ. ನಾವೂ ಕುಣಿದೆವು.

ನನಗದು ಬರೀ ತಮಾಷೆಯಾಗಿರಲಿಲ್ಲ. ಘೋಡಗೇರಿಯಲ್ಲಿ ನಮ್ಮ ನಾಲ್ಕು ಮನೆಯ ಹುಡುಗರಿಗೆ ಇದ್ದದ್ದು ಒಂದೇ ಹಳೇ ಪ್ಲೇಸ್ಟೇಷನ್ 2. ಡಿಸ್ಕುಗಳು ಪ್ಲಾಸ್ಟಿಕ್ ಚೀಲದಲ್ಲಿ ಮನೆಯಿಂದ ಮನೆಗೆ ತಿರುಗುತ್ತಿದ್ದವು. ನೆಟ್ ಇಲ್ಲದವರಿಗೆ ಹಳೇ ಎಕ್ಸ್‌ಬಾಕ್ಸ್ 360 ಇದೆಯಲ್ಲ ಎಂಬರ್ಥದಲ್ಲಿ ಮೈಕ್ರೋಸಾಫ್ಟಿನ ಡಾನ್ ಮ್ಯಾಟ್ರಿಕ್ ಆ ವಾರ ಮಾತಾಡಿದಾಗ, ನಮ್ಮೂರಿಗೇ ಬಾಗಿಲು ಹಾಕಿದಂತಾಯ್ತು.

ಜೂನ್ 19ಕ್ಕೆ ಮೈಕ್ರೋಸಾಫ್ಟ್ ಆ ನಿಯಮಗಳನ್ನು ಹಿಂತೆಗೆದುಕೊಂಡಿತು. ನಾಲ್ಕು ದಿನ ಬಿಟ್ಟು ಕಾರ ಹುಣ್ಣಿಮೆ. ಊರಿಗೆ ಹೋದವನು ಕಾಕಾನ ಮುಂದೆ ನಮ್ಮ ಸೋನಿ ಗೆದ್ದ ಕತೆ ಹೇಳಿದೆ. ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಲೇ ಕೇಳಿಸಿಕೊಂಡ ಕಾಕಾ ಅಂದ: "ಓಟದಾಗ ಮುಂದ ಬಂದ ಎತ್ತಿಗೆ ಚಪ್ಪಾಳಿ ಹೊಡಿ, ಬ್ಯಾಡ ಅನ್ನೂದಿಲ್ಲ. ಆದ್ರ ಕೊಳ್ಳೂ ಮುಂದ ಹೊಲದಾಗ ಹೂಡಿ ನೋಡಬೇಕು. ಆ ಎತ್ತು ಕುಂಟೈತಿ ಅಂದ ಕೂಡ್ಲೇ ಈ ಎತ್ತು ಚೊಲೋ ಆಗತೈತೇನ?"

ಆಗ ನಕ್ಕು ಸುಮ್ಮನಾದೆ. ಆದರೆ ನಾವು ಕುಣಿದ ಅದೇ ಸಭೆಯಲ್ಲಿ ಇನ್ನೊಂದು ವಿಷಯ ಮೆಲ್ಲಗೆ ದಾಟಿಹೋಗಿತ್ತು. ಪ್ಲೇಸ್ಟೇಷನ್ 3ರಲ್ಲಿ ಪುಕ್ಕಟೆಯಿದ್ದ ಆನ್‌ಲೈನ್ ಆಟಕ್ಕೆ ಇನ್ನು ಮುಂದೆ ಪ್ಲಸ್ ಚಂದಾ ಕಟ್ಟಬೇಕು. ಎದುರಿನವನ ತಪ್ಪು ದೊಡ್ಡದಾಗಿ ಕಂಡಾಗ ಇವನ ಸಣ್ಣಕ್ಷರ ಯಾರು ಓದುತ್ತಾರೆ?

ಇಬ್ಬರನ್ನು ಹೋಲಿಸಿ ನೋಡೋದು ತಪ್ಪಲ್ಲ. ಆ ವಾರದ ಗಲಾಟೆಯಿಂದಲೇ ಒಂದು ಕೆಟ್ಟ ನಿಯಮ ಬಿದ್ದುಹೋಯ್ತು. ತಪ್ಪಾದದ್ದು, ನಮ್ಮ ಅಗತ್ಯವನ್ನು ಅಳತೆಗೋಲು ಮಾಡಿಕೊಳ್ಳೋದು ಬಿಟ್ಟು, ಒಬ್ಬನ ದೋಷವನ್ನೇ ಇನ್ನೊಬ್ಬನ ಗುಣಕ್ಕೆ ಅಳತೆಗೋಲು ಮಾಡಿಕೊಂಡದ್ದು. ದುಡ್ಡು ಕೊಟ್ಟು ತಂದ ವಸ್ತು ನನ್ನದು ಹೌದೋ ಅಲ್ಲವೋ? ಅದನ್ನು ಇನ್ನೊಬ್ಬರಿಗೆ ಕೊಡಬಹುದೋ ಇಲ್ಲವೋ? ಈ ಪ್ರಶ್ನೆಯನ್ನು ಇಬ್ಬರಿಗೂ ಕೇಳಬೇಕಿತ್ತು, ವರ್ಷ ವರ್ಷವೂ ಕೇಳುತ್ತಿರಬೇಕಿತ್ತು. ನಾವು ಗೆದ್ದವರು ಯಾರೆಂದು ಘೋಷಿಸಿ ಮಲಗಿದೆವು.

2019ರಲ್ಲಿ ಮೈಕ್ರೋಸಾಫ್ಟ್, 2020ರಲ್ಲಿ ಸೋನಿ, ಡಿಸ್ಕ್ ಹಾಕುವ ಜಾಗವೇ ಇಲ್ಲದ ಕನ್ಸೋಲ್ ಮಾರಾಟಕ್ಕಿಟ್ಟವು. ಯಾರೂ ಬಲವಂತ ಮಾಡಲಿಲ್ಲ. ಬೆಲೆ ಕಡಿಮೆ ಅಂತ ನಾನೇ ಖುಷಿಯಿಂದ ತಂದೆ.

ಹೋದ ಸಲ ಊರಿಂದ ಬಂದ ಅಣ್ಣನ ಮಗ ಹೊರಡುವಾಗ ಕೇಳಿದ: "ಕಾಕಾ, ಒಂದ್ ಆಟ ಕೊಡ್ರಿ, ಆಡಿ ವಾಪಸ್ ಕೊಡತೇನಿ." ನನ್ನ ಕನ್ಸೋಲಿನಲ್ಲಿ ನಲವತ್ತು ಗೇಮ್ ಇವೆ. ಅವನ ಕೈಗೆ ಕೊಡೋಕೆ ಒಂದೂ ಇರಲಿಲ್ಲ.