ಅತಿಭಾರಾರೋಪಣ: ಭಾರ ಬೀಳುವುದು ಯಾರ ಮೇಲೆ?

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತು, ಕುದುರೆ ಮೊದಲಾದ ಪ್ರಾಣಿಗಳ ಮೇಲೆ ಅವು ಹೊರಲಾರದಷ್ಟು ಭಾರವನ್ನು ಹೇರುವುದೇ ಈ ದೋಷ. ಇಂದು ಸರಕನ್ನು ಹೊರುವುದು ಬಹುಮಟ್ಟಿಗೆ ಲಾರಿ. ಅದಕ್ಕೆ ಜೀವವಿಲ್ಲ, ವೇದನೆಯಿಲ್ಲ. ಹಾಗಾದರೆ ಲಾರಿಯಲ್ಲಿ ಮಿತಿಮೀರಿ ಸರಕು ತುಂಬಿಸಿದ ಶ್ರಾವಕನ ವ್ರತಕ್ಕೆ ದೋಷ ತಗಲುವುದಿಲ್ಲವೆ?

ಸ್ಪೇನ್ ದೇಶದಲ್ಲಿ ನಡೆದ ಒಂದು ದುರಂತವು ಇಲ್ಲಿ ವಿಚಾರಾರ್ಹವಾಗಿದೆ. 1978ರ ಜುಲೈ 11ರಂದು ದ್ರವರೂಪದ ಪ್ರೊಪಿಲೀನ್ ಅನಿಲವನ್ನು ತುಂಬಿಕೊಂಡ ಟ್ಯಾಂಕರ್ ಲಾರಿಯೊಂದು ಅಲ್ಲಿನ ಕರಾವಳಿಯ ರಸ್ತೆಯಲ್ಲಿ ಸಾಗುತ್ತಿತ್ತು. ಸುಮಾರು 19 ಟನ್ ಮಿತಿಯಿದ್ದ ಅದರ ತೊಟ್ಟಿಯಲ್ಲಿ 23 ಟನ್ನಿಗೂ ಮಿಕ್ಕಿ ಅನಿಲವಿತ್ತು. ಇಂಥ ದ್ರವವು ಬಿಸಿಲಿಗೆ ಹಿಗ್ಗುವುದರಿಂದ ತೊಟ್ಟಿಯಲ್ಲಿ ಸ್ವಲ್ಪ ಸ್ಥಳವನ್ನು ಬರಿದಾಗಿ ಬಿಡಬೇಕು. ಆ ಸ್ಥಳವನ್ನೂ ಸರಕು ಆಕ್ರಮಿಸಿತ್ತು; ಒತ್ತಡವನ್ನು ಹೊರಬಿಡುವ ಕವಾಟವೂ ಇರಲಿಲ್ಲ. ಲೋಸ್ ಅಲ್ಫಾಕೆಸ್ ಎಂಬ ಪ್ರವಾಸಿ ಶಿಬಿರದ ಬಳಿ ತೊಟ್ಟಿಯೊಡೆದು ಅನಿಲಕ್ಕೆ ಬೆಂಕಿ ಹತ್ತಿತು. ರಜೆ ಕಳೆಯಲು ಬಂದಿದ್ದ ಕುಟುಂಬಗಳು ಅಲ್ಲಿಯೇ ಬೆಂದವು. 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು, ಚಾಲಕನೂ ಉಳಿಯಲಿಲ್ಲ. ನಿರ್ಜೀವ ತೊಟ್ಟಿಗೆ ತುಂಬಿದ ಭಾರವು ಕೊನೆಗೆ ಜೀವಿಗಳ ಮೇಲೆಯೇ ಬಿದ್ದಿತು.

ಮಿತಿಮೀರಿದ ಎಷ್ಟೋ ಲಾರಿಗಳು ಕ್ಷೇಮವಾಗಿಯೇ ಊರು ಸೇರುತ್ತವೆ, ಅಲ್ಲಿ ಹಿಂಸೆಯೆಲ್ಲಿ, ಎಂದು ಕೆಲವರು ಕೇಳಬಹುದು. ಪ್ರಮಾದದಿಂದ ಪ್ರಾಣಘಾತ ಮಾಡುವುದು ಹಿಂಸೆಯೆಂದು ಉಮಾಸ್ವಾಮಿಗಳು ತಿಳಿಸಿದ್ದಾರೆ. ಪ್ರಮಾದವಿದ್ದಲ್ಲಿ ಜೀವಿ ಸಾಯಲಿ, ಬದುಕಲಿ, ಹಿಂಸೆ ತಪ್ಪದೆಂದು ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸ್ಪಷ್ಟಪಡಿಸಿದ್ದಾರೆ. ಆದುದರಿಂದ ಮಿತಿಯನ್ನು ಬಲ್ಲವನು ಅದನ್ನು ಮೀರಿ ತುಂಬಿಸಿದ ಗಳಿಗೆಯಲ್ಲೇ ದೋಷವುಂಟಾಗುತ್ತದೆ. ಅದು ಸ್ಫೋಟದವರೆಗೆ ಕಾಯುವುದಿಲ್ಲ.

ಈ ದೋಷವನ್ನು ಚಾಲಕನೊಬ್ಬನ ತಲೆಗೆ ಕಟ್ಟುವುದೂ ಸಲ್ಲದು. ಕೃತ, ಕಾರಿತ, ಅನುಮೋದನೆಗಳೆಂಬ ಮೂರೂ ದ್ವಾರಗಳಿಂದ ಪಾಪಾಸ್ರವವಾಗುತ್ತದೆ. ಭಾರತದ 1988ರ ಮೋಟಾರು ವಾಹನ ಕಾಯಿದೆಯೂ ಅತಿಭಾರದ ವಾಹನವನ್ನು ನಡೆಸುವವನನ್ನಷ್ಟೇ ಅಲ್ಲದೆ ನಡೆಸಹಚ್ಚುವವನನ್ನೂ ನಡೆಸಗೊಡುವವನನ್ನೂ ನಿಷೇಧಿಸುತ್ತದೆ. 2019ರ ತಿದ್ದುಪಡಿಯು 20,000 ರೂಪಾಯಿ ದಂಡವನ್ನೂ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ವಿಧಿಸಿತು. ಆದರೆ ದಂಡವನ್ನೂ ವ್ಯಾಪಾರದ ಖರ್ಚಿನಲ್ಲಿ ಬರೆದುಕೊಳ್ಳುವವನ ಮನಸ್ಸನ್ನು ಕಾಯಿದೆ ಮುಟ್ಟಲಾರದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಭಾರವನ್ನು ಎರಡೆಡೆ ಎಣಿಸಿದ್ದಾರೆ: ಅಹಿಂಸಾಣುವ್ರತದ ಅತಿಚಾರಗಳಲ್ಲಿ ಒಮ್ಮೆ, ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿ ಮತ್ತೊಮ್ಮೆ. ಹಿಂಸೆ ಅದರ ಫಲವಾದರೆ ಲೋಭವು ಅದರ ಬೇರು.

ದಂಡ ತೆತ್ತ ಮೇಲೂ ಹೆಚ್ಚಿನ ಸರಕನ್ನು ಇಳಿಸದೆ ಲಾರಿ ಮುಂದೆ ಸಾಗಕೂಡದೆಂಬುದು ಅದೇ ಕಾಯಿದೆಯ ವಿಧಿ. ಪ್ರತಿಕ್ರಮಣದ ಮರ್ಮವೂ ಇದೇ. ಅಷ್ಟಮಿ, ಚತುರ್ದಶಿಗಳಂದು ಉಪವಾಸವಿದ್ದು ಉದರವನ್ನು ಹಗುರಗೊಳಿಸುವ ಗೃಹಸ್ಥನು, ತನ್ನ ಸರಕು ಹೊತ್ತ ಲಾರಿಯ ತೂಕವನ್ನೂ ಆ ದಿನ ವಿಚಾರಿಸಲಿ. ಹೆಚ್ಚಿದ್ದರೆ ಇಳಿಸಲಿ. ಆಗ ಅವನ ಉಪವಾಸ ಸಾರ್ಥಕವಾದೀತು.