ಹೊತ್ತಿಗೊದಗುವ ವಿದ್ಯೆ

ಪುಸ್ತಕದಲ್ಲಿ ಉಳಿದ ವಿದ್ಯೆ ಹೊತ್ತಿಗೆ ಒದಗುವುದಿಲ್ಲವೆಂದು ನಮ್ಮ ಹಿರಿಯರು ಎಚ್ಚರಿಸಿದ್ದಾರೆ. ಹಾಗಾದರೆ ತಲೆಗೆ ಹತ್ತಿದ ವಿದ್ಯೆಯೆಲ್ಲವೂ ಹೊತ್ತಿಗೆ ಒದಗುವುದೆ? ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿಯ ಸಂಗೀತ ಕೇಳಿದವರು ಬಲ್ಲರು: ನೂರಾರು ಕೀರ್ತನೆ ಪಾಠವಾಗಿರುವ ವಿದ್ವಾಂಸರೂ ಒಂದು ಸಂಜೆಗೆಂದು ಕೆಲವನ್ನೇ ಆರಿಸಿಕೊಂಡು ಬರುತ್ತಾರೆ. ಕೇಳುಗರಲ್ಲೊಬ್ಬರು ಚೀಟಿ ಕಳಿಸಿ ಬೇರೊಂದನ್ನು ಬೇಡಿದರೆ, ಬಲ್ಲ ಕೀರ್ತನೆಯೇ ಆದರೂ, ಅದು ಆ ಗಳಿಗೆಯಲ್ಲಿ ನಾಲಗೆಗೆ ಬಂದೀತೆಂಬ ಭರವಸೆಯಿಲ್ಲ. ಬಲ್ಲದ್ದು ಬೇರೆ, ಇಂದಿಗೆಂದು ಅಣಿಮಾಡಿಕೊಂಡದ್ದು ಬೇರೆ. ಇವೆರಡರ ನಡುವಣ ಅಂತರಕ್ಕೆ ಮನುಷ್ಯ ಎಷ್ಟರಮಟ್ಟಿಗೆ ಹೊಣೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಶಾಸ್ತ್ರಗ್ರಂಥವಲ್ಲ, ಒಂದು ಆಟ. ಬಸವನಗುಡಿಯ ನಮ್ಮ ಬೀದಿಯ ಮನೆಯೊಂದರಲ್ಲಿ ಭಾನುವಾರ ಮಧ್ಯಾಹ್ನ ಐದಾರು ಮಂದಿ ತರುಣ ತರುಣಿಯರು ಊಟದ ಮೇಜಿನ ಸುತ್ತ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ತಾಳಮದ್ದಳೆ ಕೇಳಿದವರಿಗೆ ಇದು ತೀರ ಹೊಸದೆನಿಸದು: ವೇಷವಿಲ್ಲ, ರಂಗವಿಲ್ಲ, ಮಾತಿನಲ್ಲೇ ಕಾಡು, ಕೋಟೆ, ಕಾಳಗ. ವ್ಯತ್ಯಾಸವಿಷ್ಟೆ: ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಮೊದಲೇ ಗೊತ್ತಿಲ್ಲ, ಸಂದೇಹ ಬಂದಲ್ಲಿ ದಾಳ ತೀರ್ಮಾನಿಸುತ್ತದೆ.

ಈ ಆಟದಲ್ಲಿ ಮಾಂತ್ರಿಕನ ಪಾತ್ರವೊಂದುಂಟು. ಅವನ ಬಳಿ ಮಂತ್ರಗಳ ಪುಸ್ತಕವಿದೆ. ಮೊದಲ ಮೆಟ್ಟಿಲಿನಲ್ಲಿರುವವನ ಪುಸ್ತಕದಲ್ಲಿ ಆರು ಮಂತ್ರಗಳು: ನಿದ್ದೆ ಬರಿಸುವುದು, ಬೆಂಕಿ ಕಾರುವುದು, ಬೀಳುವವರನ್ನು ಹಕ್ಕಿಯ ಗರಿಯಂತೆ ಮೆಲ್ಲನೆ ಇಳಿಸುವುದು, ಹೀಗೆ. ಆದರೆ ಬೆಳಗ್ಗೆ ಎದ್ದು ಅವುಗಳಲ್ಲಿ ಸಾಮಾನ್ಯವಾಗಿ ನಾಲ್ಕನ್ನು ಮಾತ್ರ ಅವನು ಅಣಿಮಾಡಿಕೊಳ್ಳಬಹುದು. ಸಣ್ಣಪುಟ್ಟ ಚಮತ್ಕಾರಗಳನ್ನು ಬಿಟ್ಟರೆ, ದಿನದ ಆರಂಭಕ್ಕೆ ಅವನಲ್ಲಿರುವ ಪ್ರಯೋಗದ ಶಕ್ತಿ ಎರಡೇ ಸಲದ್ದು. ಪುಸ್ತಕದಲ್ಲಿ ಆರು, ಮನಸ್ಸಿನಲ್ಲಿ ನಾಲ್ಕು, ಕೈಯಲ್ಲಿ ಎರಡು! ನಮ್ಮೆಲ್ಲರ ಬಾಳಿನ ಲೆಕ್ಕವೂ ಹೆಚ್ಚುಕಡಮೆ ಇದೇ ಅಲ್ಲವೆ?

ಈ ಲೆಕ್ಕ ಆಟದವರ ಸ್ವಂತದ್ದಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಆಟವನ್ನು ಹೊರತಂದಾಗ, ಜ್ಯಾಕ್ ವ್ಯಾನ್ಸ್ ಎಂಬ ಕಥೆಗಾರನ ಕಲ್ಪನೆಯನ್ನು ಬಳಸಿಕೊಂಡರು. 1950ರಲ್ಲಿ ಬಂದ ಅವನ ‘ದಿ ಡೈಯಿಂಗ್ ಅರ್ಥ್’ ಪುಸ್ತಕದ ಮಜೀರಿಯನ್ ಎಂಬ ಮಾಂತ್ರಿಕ ಎಷ್ಟು ಸಾಧನೆ ಮಾಡಿದರೂ ಅವನ ಮನಸ್ಸು ಹಿಡಿಯುವುದು ಘೋರಮಂತ್ರಗಳಾದರೆ ನಾಲ್ಕು, ಸಣ್ಣವಾದರೆ ಆರು. ಉಚ್ಚರಿಸಿದ ಮಂತ್ರ ಮನಸ್ಸಿನಿಂದಲೇ ಅಳಿಸಿಹೋಗುತ್ತದೆ. ಆಟದ ಹಳೆಯ ನಿಯಮವೂ ಹಾಗೆಯೇ ಇತ್ತು. 2014ರ ಆವೃತ್ತಿ ಅದನ್ನು ಸಡಿಲಿಸಿ, ಪ್ರಯೋಗಿಸಿದ ಮಂತ್ರ ಮನಸ್ಸಿನಲ್ಲಿ ಉಳಿಯುವಂತೆ ಮಾಡಿತು. ಆದರೆ ಬೆಳಗಿನ ಆಯ್ಕೆಯನ್ನು ಮಾತ್ರ ಕೈಬಿಡಲಿಲ್ಲ.

ಒಂದು ಭಾನುವಾರ ನಾನು ಅಲ್ಲಿದ್ದಾಗ ಮುರುಕು ಸೇತುವೆಯಿಂದ ತಂಡದ ಒಬ್ಬ ಕೆಳಗೆ ಬಿದ್ದ. ಮಾಂತ್ರಿಕಳಾಗಿದ್ದ ಹುಡುಗಿಯ ಪುಸ್ತಕದಲ್ಲಿ ಗರಿಯ ಮಂತ್ರವಿತ್ತು. ಆ ದಿನದ ನಾಲ್ಕರಲ್ಲಿ ಇರಲಿಲ್ಲ.

“ಮೊದಲೇ ಯೋಚನೆ ಮಾಡಬಾರದಿತ್ತೇನೇ?” ಎಂದ ಬಿದ್ದವನು.

“ಬೆಳಗ್ಗೆ ನೀನೇ ಅಲ್ಲವೇನೋ ಇವತ್ತು ಬರೀ ಕಾಡುದಾರಿ ಅಂದದ್ದು!” ಎಂದಳು ಅವಳು.

ಎಲ್ಲರೂ ನಕ್ಕರು. ಆದರೆ ಈ ‘ಮೊದಲೇ’ ಎಂಬ ಮಾತು ನಗು ಬಾರದ ಮನೆಗಳಲ್ಲೂ ಕೇಳಿಬರುತ್ತದೆ. ತಿಂಗಳ ಮೊದಲಿಗೆ ಸಂಬಳವನ್ನು ಬಾಬುವಾರು ಹಂಚಿಟ್ಟ ಗೃಹಿಣಿ ಇಪ್ಪತ್ತನೆಯ ತಾರೀಖು ಬಂದ ಜ್ವರಕ್ಕೆ ಹಣವಿಲ್ಲದೆ ನಿಂತಾಗ ಕೇಳುವುದು ಇದನ್ನೇ. ಹೃದಯಾಘಾತದಿಂದ ಯಜಮಾನ ಹೋದ ಮನೆಗೆ ಸಾಂತ್ವನಕ್ಕೆ ಬಂದವರು “ಮೊದಲೇ ಡಾಕ್ಟರಿಗೆ ತೋರಿಸಬೇಕಿತ್ತು” ಎನ್ನುತ್ತಾರೆ. ಹೇಳಿದವರು ಕಾಫಿ ಕುಡಿದು ಹೊರಡುತ್ತಾರೆ. ಕೇಳಿದಾಕೆ ಆ ಮಾತನ್ನು ವರ್ಷಗಟ್ಟಲೆ ಹೊತ್ತಿರುತ್ತಾಳೆ.

ಸಂಜೆಯ ಬೆಳಕಿನಲ್ಲಿ ಬೆಳಗನ್ನು ತೂಗುವುದು ನ್ಯಾಯವಲ್ಲ. ಬೆಳಗ್ಗೆ ಎಲ್ಲ ಮಂತ್ರಗಳೂ ಬೇಕಾದಾವೆಂದೇ ತೋರುತ್ತವೆ. ನಾಲ್ಕನ್ನು ಆರಿಸುವುದೆಂದರೆ ಎರಡನ್ನು ಬಿಡುವುದು. ಸಿದ್ಧತೆಯೆಂದರೆ, ಯಾವ ಆಪತ್ತಿನ ಮುಂದೆ ನಾವು ಬರಿಗೈಯಲ್ಲಿ ನಿಲ್ಲಲು ಒಪ್ಪಿದ್ದೇವೆ ಎಂದು ನಿಶ್ಚಯಿಸುವುದೂ ಹೌದು. ಬಿಟ್ಟದ್ದೇ ಬೇಕಾಗಿ ಬಂದರೆ ಅದು ದುರದೃಷ್ಟ, ಅಪರಾಧವಲ್ಲ.

ಹಾಗೆಂದು ಬೆಳಗಿನವನಿಗೆ ಪೂರ್ಣ ಮಾಫಿಯಿಲ್ಲ. ದಾರಿ ಯಾವುದೆಂದು ವಿಚಾರಿಸದೆ ನಿನ್ನೆಯ ಪಟ್ಟಿಯನ್ನೇ ಇಂದೂ ಹೊತ್ತು ಹೊರಟವನು ತಪ್ಪಿತಸ್ಥನೇ. ಹತ್ತು ವರ್ಷದ ಹಿಂದಿನ ಟಿಪ್ಪಣಿ ಹಿಡಿದು ತರಗತಿಗೆ ಹೋಗುವ ನಮ್ಮ ಅಧ್ಯಾಪಕವರ್ಗಕ್ಕೆ ಇದನ್ನು ವಿವರಿಸಬೇಕಿಲ್ಲ. ಆಟದ ನಿಯಮವೊಂದು ಇಲ್ಲಿ ವಿವೇಕದ ಮಾತಾಡುತ್ತದೆ. ಅರಿಯದ ಭಾಷೆಯನ್ನು ತಿಳಿಯುವಂಥ ಕೆಲವು ಮಂತ್ರಗಳನ್ನು, ಹತ್ತು ನಿಮಿಷದ ಬಿಡುವಿದ್ದರೆ, ಪುಸ್ತಕ ನೋಡಿಕೊಂಡೇ ನಡೆಸಬಹುದು. ಅವುಗಳಿಗೆ ಮನಸ್ಸಿನಲ್ಲಿ ಜಾಗ ಕೊಡುವುದು ಅವಿವೇಕ. ಸಾವಕಾಶವಾಗಿ ಹುಡುಕಿಕೊಳ್ಳಬಹುದಾದದ್ದನ್ನು ಕಪಾಟಿನಲ್ಲಿಟ್ಟು, ಕ್ಷಣದಲ್ಲಿ ಬೇಕಾಗುವುದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಬೇಕು. 2000ದ ಆವೃತ್ತಿಯಲ್ಲಿ ಇನ್ನೊಂದು ಅನುಕೂಲವಿತ್ತು: ಬೆಳಗ್ಗೆ ಒಂದೆರಡು ಸ್ಥಾನಗಳನ್ನು ಖಾಲಿ ಬಿಟ್ಟು, ದಿನದ ನಡುವೆ ತುಂಬಿಕೊಳ್ಳಬಹುದಿತ್ತು. ಖಾಲಿ ಜಾಗವೂ ಸಿದ್ಧತೆಯೇ ಎಂಬುದನ್ನು ಮಕ್ಕಳ ದಿನವನ್ನೆಲ್ಲ ಟ್ಯೂಷನ್ನುಗಳಿಂದ ತುಂಬುವ ತಂದೆತಾಯಿಗಳು ನೆನೆಯುವುದು ಒಳ್ಳೆಯದು.

ಅಣಿಮಾಡಿಕೊಂಡದ್ದನ್ನು ಯಾರಿಗಾಗಿ ವ್ಯಯಿಸಬೇಕೆಂಬುದು ಇನ್ನೂ ಬಿಗಿಯಾದ ಪ್ರಶ್ನೆ. ಇಲ್ಲಿ ಕರ್ಣ ನೆನಪಾಗದಿರಲಾರ. ಕವಚ ಕುಂಡಲಗಳನ್ನು ಕೊಟ್ಟು ಇಂದ್ರನಿಂದ ಪಡೆದ ಶಕ್ತ್ಯಾಯುಧ ಒಬ್ಬ ಶತ್ರುವಿಗೆ ಮಾತ್ರ. ಬಳಿಕ ಇಂದ್ರನಲ್ಲಿಗೇ ಮರಳುವಂಥದು. ಅದನ್ನು ಅವನು ಅರ್ಜುನನಿಗೆಂದು ಎತ್ತಿಟ್ಟಿದ್ದ. ಹದಿನಾಲ್ಕನೆಯ ದಿನದ ರಾತ್ರಿಯುದ್ಧದಲ್ಲಿ ಘಟೋತ್ಕಚ ಸೇನೆಯನ್ನು ತುಳಿದು ನಡೆದಾಗ ಕೌರವರು ಕರ್ಣನಿಗೆ ಮೊರೆಯಿಟ್ಟರು. ಅವನು ಅದನ್ನು ಪ್ರಯೋಗಿಸಿದ. ಘಟೋತ್ಕಚ ಬಿದ್ದ, ಅರ್ಜುನ ಉಳಿದ. ಕರ್ಣ ಕೆಟ್ಟದ್ದು ಅಲ್ಲಿಯೇ ಎಂದು ನಾವು ಮರುಗುತ್ತೇವೆ. ನನಗಾದರೋ ಅವನ ಹಿರಿಮೆ ಅಲ್ಲಿಯೇ ಕಾಣುತ್ತದೆ. ನಾಳಿನ ತನ್ನ ಜಯಕ್ಕೆಂದು ಇಟ್ಟುಕೊಂಡದ್ದನ್ನು ಇಂದಿನ ಪರರ ಪ್ರಾಣಕ್ಕೆ ಕೊಟ್ಟ. ಆ ರಾತ್ರಿ ಕೈ ಹಿಡಿದಿದ್ದರೆ ಅವನು ಜಾಣನೆನಿಸುತ್ತಿದ್ದನೇನೋ, ಕರ್ಣನಾಗಿ ಉಳಿಯುತ್ತಿರಲಿಲ್ಲ.

ಮಹಾಮಂತ್ರವನ್ನು ಕಟ್ಟಕಡೆಯ ಶತ್ರುವಿಗೆಂದು ಕಾಪಾಡಿ, ಆಟ ಮುಗಿದರೂ ಬಳಸದೆ ಎದ್ದುಹೋಗುವವರಿದ್ದಾರಂತೆ. ಒಳ್ಳೆಯ ದಿನಕ್ಕೆಂದು ಬೀರುವಿನಲ್ಲಿಟ್ಟ ರೇಷ್ಮೆ ಸೀರೆ ಮಡಿಕೆಯಲ್ಲೇ ಸೀಳುವುದನ್ನು ನಮ್ಮ ಮನೆಗಳೂ ಕಂಡಿವೆ.

ಆಟದಲ್ಲಿ ಒಬ್ಬನೇ ಮಾಂತ್ರಿಕ ಹೊರಡುವುದಿಲ್ಲ. ಅವನು ತರದೆ ಬಿಟ್ಟದ್ದನ್ನು ಇನ್ನೊಬ್ಬಳ ಹಗ್ಗವೋ ಮತ್ತೊಬ್ಬನ ತೋಳೋ ತುಂಬುತ್ತದೆ. ಒಂದು ರಾತ್ರಿಯ ವಿಶ್ರಾಂತಿಯಿಂದ ಶಕ್ತಿ ಮರಳಿ, ಪುಸ್ತಕ ಮತ್ತೆ ತೆರೆಯುತ್ತದೆ. ಬಾಳಿನ ಎಲ್ಲ ಸಂಜೆಗಳಿಗೂ ಅಂಥ ಬೆಳಗು ಇಲ್ಲ. ಆದ್ದರಿಂದಲೇ ಇಲ್ಲಿ ಸಹಚರರ ಹೊಣೆ ಹೆಚ್ಚು. ಸಾವಿನ ಮನೆಗೆ ಹೋದಾಗ “ಮೊದಲೇ” ಎನ್ನುವುದನ್ನು ಬಿಟ್ಟು, ಮಕ್ಕಳಿಗೆ ಊಟವಾಯಿತೆ ಎಂದು ಕೇಳಿ, ಆಗಿಲ್ಲವೆಂದರೆ ನಮ್ಮ ಮನೆಯಿಂದ ಒಂದಿಷ್ಟು ಅನ್ನ ಸಾರು ಕಳಿಸಿದರೆ ಸಾಕು. ಅಷ್ಟಕ್ಕೆ ಮಂತ್ರವೇನೂ ಬೇಕಾಗುವುದಿಲ್ಲ.